ಬ್ರೇಕ್ ಶೂ ಕೀ ಪದೇ ಪದೇ ಮುರಿಯುತ್ತಿದೆ. ಹಿಡಿತದ ಭಾಗಗಳನ್ನು ಗಟ್ಟಿ ಮಾಡುವುದು ಹೇಗೆ?

ಬೋಗಿಯ ಕೆಳಗೆ

ಎಲ್ಲರಿಗೂ ನಮಸ್ಕಾರ. ಸರಕು ವ್ಯಾಗನ್‌ಗಳ ರಿಪೇರಿ ನನ್ನ ಕೆಲಸ. ನಮ್ಮಲ್ಲಿರುವುದು ನಾಲ್ಕು ಆಕ್ಸಲ್‌ನ ಹಳೆ ವ್ಯಾಗನ್‌ಗಳು. ಬೀಡು ಕಬ್ಬಿಣದ ಶೂ (ಬ್ರೇಕ್ ಹಾಕಿದಾಗ ಚಕ್ರಕ್ಕೆ ಒತ್ತುವ ತುಂಡು), ಚಕ್ರಕ್ಕೆ ಒಂದೊಂದು, ಬೋಗಿಯ (ಎರಡು ಆಕ್ಸಲ್ ಹಿಡಿದಿರುವ ಕೆಳಚೌಕಟ್ಟು) ಒಳಮಗ್ಗುಲಲ್ಲಿ, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಕಡೆ. ಕೆಲವು ತಿಂಗಳಿಂದ ಒಂದೇ ತಲೆನೋವು: ಶೂವನ್ನು ಹೆಡ್ಡಿಗೆ (ಶೂ ಹೊತ್ತಿರುವ ಭಾಗ) ಹಿಡಿದಿಡುವ ಉಕ್ಕಿನ ಪಟ್ಟಿ, ಅಂದರೆ ಕೀ, ಮುರಿಯುತ್ತದೆ, ಇಲ್ಲವೇ ನಿಧಾನವಾಗಿ ಮೇಲಕ್ಕೆ ಎದ್ದು ಕಳಚಿ ಬೀಳುತ್ತದೆ. ಮೊನ್ನೆ ಒಂದು ಶೂ ಪೂರ್ತಿ ಕಾಣೆ. ಹೆಡ್ಡೇ ಚಕ್ರಕ್ಕೆ ಉಜ್ಜಿ ಟ್ರೆಡ್ (ಹಳಿ ಮೇಲೆ ಉರುಳುವ ಚಕ್ರದ ಮೈ) ಮೇಲೆ ಗೀರು ಎದ್ದಿದೆ. ಬಿದ್ದ ಶೂ ಹಳಿಗಳ ನಡುವೆ ಸಿಕ್ಕಿತು, ಪಾಯಿಂಟ್‌ನಿಂದ (ಹಳಿ ಕವಲೊಡೆಯುವ ಜಾಗ) ಸ್ವಲ್ಪವೇ ಆಚೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುರಿದ ಕೀಗಳನ್ನು ಬಿಸಾಡದೆ ಡಬ್ಬಿಯಲ್ಲಿ ಇಟ್ಟಿದ್ದೇನೆ, ಇವತ್ತಿಗೆ 11 ಆಗಿವೆ. ಹೆಚ್ಚಿನವು ಕೆಳಗಿನ ಮೂರನೇ ಒಂದು ಭಾಗದಲ್ಲಿ ಮುರಿದಿವೆ.

ನನಗೆ ಹೊಳೆದದ್ದು ಮೂರು ದಾರಿ. ಕೀ ದಪ್ಪ ಮಾಡುವುದು. ಇನ್ನೂ ಗಡಸು ಉಕ್ಕಿನದು ತರಿಸುವುದು. ಇಲ್ಲಾ ಕೀ ಬಡಿದ ಮೇಲೆ ತಲೆಯ ಹತ್ತಿರ ಒಂದು ಸಣ್ಣ ವೆಲ್ಡ್ ಹಾಕಿಬಿಡುವುದು. ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.


ಹೊಸ ಫಿಟ್ಟರ್

ಅಣ್ಣ, ನಾನು ಈಗಷ್ಟೇ ಕೆಲಸ ಕಲಿಯುತ್ತಿದ್ದೇನೆ. ನಾನು ಅರ್ಥ ಮಾಡಿಕೊಂಡದ್ದು ಸರಿಯಾ ಹೇಳಿ. ಬ್ರೇಕ್ ಬೀಮ್ (ಚಕ್ರಗಳಿಗೆ ಅಡ್ಡಲಾಗಿರುವ ತೊಲೆ) ತುದಿಯಲ್ಲಿ ಹೆಡ್. ಹೆಡ್ಡಿನ ಮುಖದ ನಡುವೆ ಹೊರಚಾಚಿದ ಎರಡು ಕಿವಿ, ಒಂದು ಮೇಲೆ ಒಂದು ಕೆಳಗೆ. ಆ ಎರಡರ ನಡುವೆ ಶೂ ಬೆನ್ನಿನ ಒಂದು ಕಿವಿ ಕೂರುತ್ತದೆ. ಮೂರರಲ್ಲೂ ಇರುವ ಕಂಡಿಯಲ್ಲಿ ಮೇಲಿನಿಂದ ಬಾಗಿದ ಪಟ್ಟಿಯಂಥ ಕೀ ಇಳಿಯುತ್ತದೆ. ಅಷ್ಟೇನಾ? ಇಷ್ಟು ದೊಡ್ಡ ಬ್ರೇಕನ್ನು ಆ ಸಣ್ಣ ಪಟ್ಟಿ ತಡೆಯುತ್ತಾ ಅಂತ ಮೊದಲ ದಿನದಿಂದಲೂ ನನಗೆ ಆಶ್ಚರ್ಯ.


ಕುಲುಮೆ ಕೆಲಸ

ಮೂರನೇ ದಾರಿಯನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ ಸರ್. ಕೀ ಸ್ಪ್ರಿಂಗ್ ಉಕ್ಕಿನದು. ಸಾಮಾನ್ಯವಾಗಿ ಅದರಲ್ಲಿ ಇಂಗಾಲ ನೂರಕ್ಕೆ ಅರ್ಧದಷ್ಟು ಅಥವಾ ಸ್ವಲ್ಪ ಜಾಸ್ತಿ ಇರುತ್ತದೆ. ಅಂಥ ಉಕ್ಕಿಗೆ ತಣ್ಣಗಿರುವಾಗಲೇ ಒಂದು ಚುಕ್ಕೆ ವೆಲ್ಡ್ ಇಟ್ಟರೆ, ಚುಕ್ಕೆಯ ಸುತ್ತಲಿನ ಕೂದಲೆಳೆಯಷ್ಟು ಜಾಗ ಕೆಂಪಾಗಿ, ಉಳಿದ ಉಕ್ಕು ಆ ಕಾವನ್ನು ತಟ್ಟನೆ ಎಳೆದುಕೊಂಡು, ಗಾಜಿನ ಹಾಗೆ ಪೆಡಸಾಗುತ್ತದೆ. ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಕೀಯನ್ನು ಉಳಿಸಲು ಹಾಕಿದ ವೆಲ್ಡೇ ಕೀಯನ್ನು ಮುರಿಯುತ್ತದೆ.

ಗಡಸು ಜಾಸ್ತಿ ಮಾಡುವುದೂ ಮದ್ದಲ್ಲ. ಸಿಲಿಕಾನ್ ಮ್ಯಾಂಗನೀಸ್ ಸ್ಪ್ರಿಂಗ್ ಉಕ್ಕನ್ನು ನಾವು ಸುಮಾರು 860 ಡಿಗ್ರಿಗೆ ಕಾಯಿಸಿ ಎಣ್ಣೆಗೆ ಅದ್ದುತ್ತೇವೆ. ಆಮೇಲೆ 450ರಿಂದ 500 ಡಿಗ್ರಿಯಲ್ಲಿ ಹದ ಇಳಿಸುತ್ತೇವೆ, ಅಂದರೆ ಮತ್ತೆ ಕಾಯಿಸಿ ಪೆಡಸುತನ ತಗ್ಗಿಸುತ್ತೇವೆ. ಹದ ಇಳಿಸದೆ ಬಿಟ್ಟರೆ ಅರ ಹಾಕಿದರೂ ಜಾರುವಷ್ಟು ಗಡಸು ಬರುತ್ತದೆ, ಆದರೆ ಒಂದು ಸುತ್ತಿಗೆ ಏಟಿಗೆ ಎರಡು ತುಂಡು. ಕೀಗೆ ಬೇಕಾದದ್ದು ಬಾಗಿ ಮತ್ತೆ ವಾಪಸ್ ಬರುವ ಗುಣ.

ಡಬ್ಬಿಯಲ್ಲಿರುವ ಕೀಗಳ ಮುರಿದ ಮುಖ ಹೇಗಿದೆ? ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ ಬರೆಯಿರಿ. ನೀಲಿ ಬಣ್ಣ ಎಲ್ಲಾದರೂ ಕಾಣುತ್ತಾ ಅಂತಲೂ ನೋಡಿ.


ಬಲದ ಲೆಕ್ಕ

ಹೊಸ ಫಿಟ್ಟರ್ ಕೇಳಿದ ಪ್ರಶ್ನೆಯಲ್ಲೇ ಉತ್ತರ ಅರ್ಧ ಇದೆ. ಆ ಸಣ್ಣ ಪಟ್ಟಿ ಬ್ರೇಕನ್ನು ತಡೆಯುವುದಿಲ್ಲ. ತಡೆಯಲೂಬಾರದು.

ಬ್ರೇಕ್ ಹಾಕಿದಾಗ ಎರಡು ಬಲ ಇವೆ. ಶೂವನ್ನು ಚಕ್ರಕ್ಕೆ ಒತ್ತುವ ಬಲ ಹೆಡ್ಡಿನ ಮೇಲಿನ, ಕೆಳಗಿನ ಪೀಠಗಳಿಂದ (ಶೂ ಬೆನ್ನು ತಾಗಿ ಕೂರುವ ಜಾಗ) ನೇರ ಶೂ ಬೆನ್ನಿಗೆ ಹೋಗುತ್ತದೆ. ಇನ್ನೊಂದು, ತಿರುಗುವ ಚಕ್ರ ಶೂವನ್ನು ತನ್ನ ಜೊತೆ ಎಳೆದುಕೊಂಡು ಹೋಗಲು ನೋಡುವ ಎಳೆತ. ಅದು ಶೂವಿನ ನಡುಕಿವಿಯಿಂದ ಹೆಡ್ಡಿನ ಕಿವಿಗೆ, ಮುಖಕ್ಕೆ ಮುಖ ಒತ್ತಿ ಹೋಗಬೇಕು. ಕೀಯ ಕೆಲಸ ಶೂ ಬೆನ್ನನ್ನು ಪೀಠಕ್ಕೆ ಅಪ್ಪಿಸಿ ಇಡುವುದು ಮಾತ್ರ.

ಒಂದು ಲೆಕ್ಕ ನೋಡಿ. ಉದಾಹರಣೆಗೆ ಶೂ ಮೇಲೆ 30 ಕಿಲೋನ್ಯೂಟನ್ ಒತ್ತಡ ಅಂತ ಇಟ್ಟುಕೊಳ್ಳೋಣ. ಬೀಡು ಕಬ್ಬಿಣದ ಘರ್ಷಣೆ ವೇಗ ಜಾಸ್ತಿ ಇದ್ದಾಗ ಕಡಿಮೆ, ನಿಲ್ಲುವ ಹೊತ್ತಿಗೆ ಜಾಸ್ತಿ. 1878ರಲ್ಲಿ ಇಂಗ್ಲೆಂಡಿನಲ್ಲಿ ಎಂಜಿನಿಯರ್ ಡಗ್ಲಸ್ ಗಾಲ್ಟನ್ ಅವರು ಏರ್ ಬ್ರೇಕ್ ಕಂಡುಹಿಡಿದ ಜಾರ್ಜ್ ವೆಸ್ಟಿಂಗ್‌ಹೌಸ್ ಜೊತೆ ಸೇರಿ ಓಡುವ ಗಾಡಿಯಲ್ಲೇ ಅಳೆದು ತೋರಿಸಿದ್ದು ಇದನ್ನೇ. ವೇಗದಲ್ಲಿರುವಾಗ ಘರ್ಷಣೆ 0.1, ಅಂದರೆ ಒತ್ತಡದ ಹತ್ತನೇ ಒಂದು ಪಾಲು ಅಂದುಕೊಂಡರೆ, ಎಳೆತ 3 ಕಿಲೋನ್ಯೂಟನ್. ಇನ್ನೇನು ನಿಲ್ಲುವಾಗ 0.3 ಆದರೆ 9 ಕಿಲೋನ್ಯೂಟನ್. ಗಾಡಿ ಸುರಕ್ಷಿತವಾಗಿ ನಿಂತೇಬಿಟ್ಟಿತು ಅನ್ನುವ ಆ ಕೊನೆಯ ಕ್ಷಣದಲ್ಲೇ ಹಿಡಿತದ ಭಾಗಗಳಿಗೆ ಮೂರು ಪಟ್ಟು ಎಳೆತ. ಇದನ್ನು ಕಿವಿಗಳು ಹೊರಬೇಕು. ಕಿವಿಗಳ ನಡುವೆ ಸಂದು ಬಿದ್ದಿದ್ದರೆ ಶೂ ಮೊದಲು ಜಾರುತ್ತದೆ, ದಾರಿಯಲ್ಲಿ ಸಿಗುವುದು ಕೀ.

ದಪ್ಪ ಕೀ ವಿಷಯ. ಕಂಡಿಯ ಬಾಗು ಬದಲಾಗುವುದಿಲ್ಲ ಅಲ್ವಾ? ಅದೇ ಬಾಗಿಗೆ ಬಲವಂತವಾಗಿ ಬಗ್ಗಿಸಿದಾಗ ಪಟ್ಟಿಯ ಹೊರಮೈ ಮೇಲಿನ ಎಳೆತ ದಪ್ಪಕ್ಕೆ ತಕ್ಕಂತೆ ಏರುತ್ತದೆ. 6 ಮಿ.ಮೀ. ಇದ್ದದ್ದನ್ನು 8 ಮಾಡಿದರೆ ಆ ಎಳೆತ ಮೂರನೇ ಒಂದು ಭಾಗ ಜಾಸ್ತಿ. ಬಗ್ಗದೆ ನಿಲ್ಲುವ ಬಿಗುಪು ಎರಡೂಕಾಲು ಪಟ್ಟಿಗಿಂತ ಮೇಲೆ, ಅಂದರೆ ಬಡಿದು ಕೂರಿಸುವುದೇ ಕಷ್ಟ. ದಪ್ಪ ಮಾಡಿ ಅದನ್ನು ಇನ್ನೂ ದಣಿಸಿದಂತೆ.

ಹಾಗಾಗಿ ನನ್ನ ಪ್ರಶ್ನೆ ಕೀ ಬಗ್ಗೆ ಅಲ್ಲ. ಹೆಡ್ಡಿನ ಪೀಠ ಹೇಗಿದೆ? ಎಲ್ಲಿ ಹೊಳಪು, ಎಲ್ಲಿ ತುಕ್ಕು?


ಬೋಗಿಯ ಕೆಳಗೆ

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಕೂತು ಒಂದೊಂದೇ ಕೀ ಸೀಮೆಎಣ್ಣೆಯಲ್ಲಿ ತೊಳೆದು ನೋಡಿದೆ.

11ರಲ್ಲಿ 8ರ ಮುರಿದ ಮುಖದಲ್ಲಿ ಎರಡು ಬಣ್ಣ. ಒಂದು ಅಂಚಿನಲ್ಲಿ ಅರ್ಧಚಂದ್ರದ ಆಕಾರ, ನುಣುಪು, ಕಂದು. ಅದರೊಳಗೆ ಚಿಪ್ಪಿನ ಮೇಲಿರುವಂಥ ಸಣ್ಣ ಸಣ್ಣ ಗೆರೆ. ಉಳಿದ ಭಾಗ ಹೊಸದಾಗಿ ಒಡೆದ ಸಕ್ಕರೆ ಅಚ್ಚಿನಂತೆ ಹರಳು ಹರಳು. ಬಾಕಿ 3ರಲ್ಲಿ ಅರ್ಧಚಂದ್ರ ಇಲ್ಲವೇ ಇಲ್ಲ, ಇಡೀ ಮುಖ ಹರಳು. ವಿಚಿತ್ರ ಏನೆಂದರೆ ಆ ಮೂರೂ ಹೊಳೆಯುವ ಸತುವಿನ ಲೇಪ ಇರುವ ಹೊಸ ಕೀಗಳು. ಹಾಕಿ ಬಹಳ ದಿನವೂ ಆಗಿರಲಿಲ್ಲ. ನೀಲಿ ಬಣ್ಣ ಯಾವುದರಲ್ಲೂ ಇಲ್ಲ.

ಆಮೇಲೆ ಪೀಠ. ಒಂದು ಹೆಡ್ ಬಿಚ್ಚಿ, ಎಲ್ಲಿ ತಾಗುತ್ತದೆ ಅಂತ ತಿಳಿಯಲು ಹೊಸ ಶೂ ಬೆನ್ನಿಗೆ ತೆಳುವಾಗಿ ನೀಲಿ ಬಣ್ಣ ಬಳಿದು ಒತ್ತಿದೆ. ಕೆಳಗಿನ ಪೀಠದಲ್ಲಿ ನೀಲಿ ಹತ್ತಿದ್ದು ಒಂದೇ ಮೂಲೆಗೆ, ಹೆಬ್ಬೆರಳಿನ ಉಗುರಿನಷ್ಟು. ಮೇಲಿನ ಪೀಠಕ್ಕೆ ಚೆನ್ನಾಗಿ ಹತ್ತಿದೆ. ಕೈಯಲ್ಲಿ ಶೂವನ್ನು ಅಲುಗಿಸಿದರೆ ಕುಂಟು ಸ್ಟೂಲಿನ ಹಾಗೆ ಟಕಟಕ ಅನ್ನುತ್ತದೆ. ಕೆಳಗೆ ಸಂದು ಅಳೆಯುವ ಫೀಲರ್ ಗೇಜ್‌ನಲ್ಲಿ 2 ಮಿ.ಮೀ. ಸಲೀಸಾಗಿ ಹೋಯಿತು. ಕಿವಿಗಳ ನಡುವೆಯೂ ಸಂದು ಇದೆ. ಹೆಡ್ಡಿನ ಮೇಲ್ಗಿವಿಯ ಒಳಮುಖ ಕನ್ನಡಿ ಹಾಗೆ ಹೊಳೆಯುತ್ತಿದೆ, ಕೆಳಗಿವಿ ತುಕ್ಕು ಹಿಡಿದಿದೆ.

ಇಷ್ಟು ವರ್ಷ ಶೂ ಬದಲಿಸಿದ್ದೇನೆ, ಕೀ ಬದಲಿಸಿದ್ದೇನೆ. ಹೆಡ್ಡಿನ ಮುಖವನ್ನು ಹೀಗೆ ಒರೆಸಿ ನೋಡಿದ್ದು ಇದೇ ಮೊದಲು.


ಕುಲುಮೆ ಕೆಲಸ

ಎರಡು ಕಾಯಿಲೆ ಇವೆ ಸರ್, ಒಂದಲ್ಲ.

ಅರ್ಧಚಂದ್ರ ಇರುವ ಎಂಟು ದಣಿವಿನಿಂದ ಮುರಿದವು. ಅಂಚಿನಲ್ಲಿ ಸಣ್ಣ ಬಿರುಕು ಹುಟ್ಟಿ, ಪ್ರತಿ ಅಲುಗಾಟಕ್ಕೂ ಒಂದಿಷ್ಟು ಮುಂದೆ ಹೋಗಿ, ಉಳಿದ ಲೋಹ ಸಾಲದಾದಾಗ ತಟ್ಟನೆ ಮುರಿದಿವೆ. ಕಂದು ಬಣ್ಣ ಬಂದಿದೆ ಅಂದರೆ ಒಳಗೆ ತುಕ್ಕು ಕೂರುವಷ್ಟು ದಿನ ಆ ಬಿರುಕು ತೆರೆದೇ ಇತ್ತು.

ಸತುವಿನ ಲೇಪದ ಮೂರು ಬೇರೆ ಕಥೆ. ವಿದ್ಯುತ್ ಲೇಪನದ ಮುಂಚೆ ಆಮ್ಲದಲ್ಲಿ ತೊಳೆಯುವಾಗ, ಆಮೇಲೆ ಲೇಪದ ತೊಟ್ಟಿಯಲ್ಲೂ, ಜಲಜನಕ ಉಕ್ಕಿನೊಳಗೆ ಇಳಿಯುತ್ತದೆ. ಮೆತ್ತನೆ ಉಕ್ಕಿಗೆ ತೊಂದರೆ ಇಲ್ಲ. ಸ್ಪ್ರಿಂಗ್‌ನಷ್ಟು ಗಡಸು ಇದ್ದು, ಸದಾ ಬಗ್ಗಿಸಿ ಬಿಗಿದ ಸ್ಥಿತಿಯಲ್ಲಿ ಇದ್ದರೆ, ಕೆಲವು ಗಂಟೆ ಅಥವಾ ದಿನ ಬಿಟ್ಟು ಸುಮ್ನೆ ಇದ್ದಲ್ಲೇ ಮುರಿಯುತ್ತದೆ. ಲೇಪ ಆದ ಕೂಡಲೇ 200 ಡಿಗ್ರಿ ಆಸುಪಾಸಿನಲ್ಲಿ ಹಲವು ಗಂಟೆ ಒಲೆಯಲ್ಲಿಟ್ಟು ಜಲಜನಕ ಹೊರಡಿಸುತ್ತಾರೆ. ಆ ಕೆಲಸ ಆಗಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ನನ್ನ ಮಾತು ಕೇಳುವುದಾದರೆ ಕೀಗೆ ಹೊಳೆಯುವ ಲೇಪ ಬೇಡವೇ ಬೇಡ. ಎಣ್ಣೆ ಕುಡಿಸಿದ ಕಪ್ಪು ಕೀ ಸಾಕು. ತುಕ್ಕು ಹಿಡಿಯುವ ಮೊದಲೇ ಅದು ಬದಲಾಗುತ್ತದೆ.

ನೀಲಿ ಕೇಳಿದ್ದು ಏಕೆಂದರೆ, ಶುದ್ಧ ಉಕ್ಕು ನೀಲಿಗಟ್ಟುವುದು ಸುಮಾರು 300 ಡಿಗ್ರಿಯಲ್ಲಿ. 450ಕ್ಕೆ ಹದ ಕೊಟ್ಟ ಕೀಗೆ ಅಷ್ಟರಿಂದ ಹದ ಇಳಿಯುವುದಿಲ್ಲ. ನಿಮ್ಮಲ್ಲಿ ಅದೂ ಕಾಣದಿದ್ದರೆ ಕಾವಿನ ಮೇಲೆ ಅನುಮಾನ ಬೇಡ.


ಬಲದ ಲೆಕ್ಕ

ದಣಿವಿನ ಮಾತು ಬಂದದ್ದು ಒಳ್ಳೆಯದಾಯಿತು. ಈ ಪಾಠ ಹುಟ್ಟಿದ್ದೇ ರೈಲಿನಲ್ಲಿ. 1842ರ ಮೇ 8ರಂದು ಫ್ರಾನ್ಸಿನ ವರ್ಸೈಲ್ಸ್ ಬಳಿ ಎಂಜಿನ್ನಿನ ಆಕ್ಸಲ್ ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ನಿಂತ ಭಾರಕ್ಕೆ ಸಲೀಸಾಗಿ ತಾಳುವ ಲೋಹ ಓಡುತ್ತಾ ಓಡುತ್ತಾ ಯಾಕೆ ಮುರಿಯುತ್ತದೆ ಅಂತ ಆಗಿನ ಎಂಜಿನಿಯರ್‌ಗಳು ತಲೆ ಕೆಡಿಸಿಕೊಂಡರು. ಜರ್ಮನಿಯ ಆಗಸ್ಟ್ ವ್ಯೋಲರ್ ವರ್ಷಗಟ್ಟಲೆ ಆಕ್ಸಲ್‌ಗಳನ್ನು ಮತ್ತೆ ಮತ್ತೆ ಬಗ್ಗಿಸಿ ಪರೀಕ್ಷೆ ಮಾಡಿ 1870ರಲ್ಲಿ ಫಲಿತಾಂಶ ಕೊಟ್ಟರು: ಮುರಿಯುವುದು ಭಾರದ ದೊಡ್ಡತನದಿಂದ ಮಾತ್ರವಲ್ಲ, ಅದು ಎಷ್ಟು ಸಲ, ಎಷ್ಟು ಅಂತರದಲ್ಲಿ ಏರಿಳಿಯುತ್ತದೆ ಅನ್ನುವುದರಿಂದ. ನಿಮ್ಮ ಕೀಗೂ ಅದೇ ಆಗಿದೆ.

ಅದನ್ನು ಏರಿಳಿಸುತ್ತಿರುವುದು ಯಾವುದು? ಇಲ್ಲಿ ಒಂದು ವಿಷಯ ತುಂಬಾ ಜನರ ಗಮನಕ್ಕೆ ಬರುವುದಿಲ್ಲ. ಬ್ರೇಕ್ ಹಾಕಿದಾಗ ಶೂ ಚಕ್ರ ಮತ್ತು ಹೆಡ್ಡಿನ ನಡುವೆ ಒತ್ತಿಹೋಗಿ ಅಲುಗದೆ ಇರುತ್ತದೆ. ಬ್ರೇಕ್ ಬಿಟ್ಟು ಓಡುವಾಗಲೇ ಅದು ಕೀ ಮೇಲೆ ನೇತಾಡುವುದು. ಹಳಿ ಜಾಯಿಂಟ್, ಪಾಯಿಂಟ್, ಚಕ್ರದ ಮೇಲೆ ಸವೆದ ಚಪ್ಪಟೆ ಜಾಗ, ಎಲ್ಲದರ ಏಟೂ ಆಗ ಕೀಗೆ. ಶೂ 10 ಕಿಲೋ ಅಂದುಕೊಳ್ಳಿ, ಏಟು ಗುರುತ್ವದ 10 ಪಟ್ಟು ಅಂದುಕೊಳ್ಳಿ. ಸುಮಾರು 1000 ನ್ಯೂಟನ್ ಆಯಿತು. ಬ್ರೇಕಿನ ಬಲದ ಮುಂದೆ ಇದು ಏನೂ ಅಲ್ಲ. ಆದರೆ ಬೆನ್ನು ಪೀಠಕ್ಕೆ ಅಪ್ಪಿಲ್ಲದಿದ್ದರೆ, ಒಂದೊಂದು ಏಟಿಗೂ ಕೀ 2 ಮಿ.ಮೀ. ಬಾಗಿ ಮತ್ತೆ ನೆಟ್ಟಗಾಗುತ್ತದೆ. ಒಂದು ಓಟದಲ್ಲಿ ಎಷ್ಟು ಜಾಯಿಂಟ್ ಬರುತ್ತವೆ ಲೆಕ್ಕ ಹಾಕಿ.

ಇನ್ನೊಂದು ಸೂಚನೆ ನಿಮ್ಮ ಬರಹದಲ್ಲೇ ಇದೆ. ಮೇಲ್ಗಿವಿ ಹೊಳಪು, ಕೆಳಗಿವಿ ತುಕ್ಕು. ಅಂದರೆ ಆ ಶೂವನ್ನು ಚಕ್ರ ಮೇಲಕ್ಕೆ ಎಳೆಯುತ್ತಿದೆ. ಚಕ್ರ ಮುಂದಕ್ಕೆ ಉರುಳುವಾಗ ಅದರ ಮುಂಬದಿ ಕೆಳಗೆ ಇಳಿಯುತ್ತದೆ, ಹಿಂಬದಿ ಮೇಲೆ ಏರುತ್ತದೆ. ನಿಮ್ಮ ಶೂಗಳು ಬೋಗಿಯ ಒಳಮಗ್ಗುಲಲ್ಲಿ ಇರುವುದರಿಂದ ಮುಂದಿನ ಚಕ್ರದ ಶೂ ಮೇಲಕ್ಕೆ, ಹಿಂದಿನ ಚಕ್ರದ ಶೂ ಕೆಳಕ್ಕೆ ಎಳೆಸಿಕೊಳ್ಳುತ್ತದೆ. ಮೇಲಕ್ಕೆ ಏರುವ ಶೂ ಸಡಿಲ ಇದ್ದರೆ ಕೀಯನ್ನೂ ಜೊತೆಗೆ ಎತ್ತುತ್ತದೆ. ನಿಮ್ಮ ವ್ಯಾಗನ್‌ಗಳು ಲೋಡ್ ಇದ್ದಾಗ ಯಾವಾಗಲೂ ಒಂದೇ ದಿಕ್ಕಿಗೆ ಹೋಗುತ್ತವೆಯಾ? ಮುರಿದ ಕೀಗಳು ಯಾವ ಚಕ್ರದವು ಅಂತ ರಿಜಿಸ್ಟರ್ ನೋಡಿ.


ಎರಕದ ಅಚ್ಚು

ಶೂ ಎರಕ ಹೊಯ್ಯುವ ಕಡೆಯಿಂದ ಎರಡು ಮಾತು. ಎಲ್ಲರೂ ಕೀ ಬಗ್ಗೆ ಹೇಳುತ್ತಿದ್ದೀರಿ, ಶೂವಿನ ನಡುಕಿವಿಯನ್ನೂ ನೋಡಿ. ಬೀಡು ಕಬ್ಬಿಣ ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ದುರ್ಬಲ. ಎಳೆತಕ್ಕೆ ತಾಳುವುದಕ್ಕಿಂತ ಮೂರು ನಾಲ್ಕು ಪಟ್ಟು ಒತ್ತಡಕ್ಕೆ ತಾಳುತ್ತದೆ. ಕಿವಿಯ ಬುಡಕ್ಕೆ ಬರುವುದು ಬಾಗು, ಅಂದರೆ ಒಂದು ಕಡೆ ಎಳೆತ. ರಂಜಕ ಜಾಸ್ತಿ ಹಾಕಿದ ಕಬ್ಬಿಣದ ಶೂ ಸವೆಯುವುದು ಕಡಿಮೆ, ಆದರೆ ಪೆಡಸು. ಅದಕ್ಕೇ ಅಂಥ ಶೂ ಬೆನ್ನಿನಲ್ಲಿ ಮೆತ್ತನೆ ಉಕ್ಕಿನ ಪಟ್ಟಿ ಹುದುಗಿಸಿ ಎರಕ ಹೊಯ್ಯುತ್ತಾರೆ. ಕಬ್ಬಿಣ ಸೀಳಿದರೂ ತುಂಡುಗಳು ಪಟ್ಟಿಗೆ ಕಚ್ಚಿಕೊಂಡು ನಿಲ್ಲುತ್ತವೆ, ಹಳಿ ಮೇಲೆ ಬೀಳುವುದಿಲ್ಲ.

ಆ ಪಟ್ಟಿ ಅಚ್ಚಿಗೆ ಇಡುವಾಗ ಒಣಗಿರಬೇಕು, ತುಕ್ಕು ಇರಲೇಬಾರದು. ತುಕ್ಕು ಹಿಡಿದ ಪಟ್ಟಿಗೆ ಕರಗಿದ ಕಬ್ಬಿಣ ತಾಗಿದ ಕ್ಷಣ ಅನಿಲ ಎದ್ದು ಸುತ್ತಲೂ ಗುಳ್ಳೆ ಕಟ್ಟುತ್ತದೆ. ಹೊರಗಿನಿಂದ ಶೂ ಚೆಂದವಾಗೇ ಕಾಣುತ್ತದೆ. ಒಡೆದು ನೋಡಿದರೆ ಪಟ್ಟಿಯ ಸುತ್ತ ಜೇನುಗೂಡು. ನಾನು ಹೊಸ ಲಾಟು ಬಂದಾಗ ಒಂದು ಶೂ ಒಡೆದೇ ನೋಡುತ್ತೇನೆ. ಒಂದು ಶೂ ಹೋದರೆ ಹೋಗಲಿ.

ಕಿವಿಯ ಬುಡದ ಮೂಲೆ ಚೂಪಾಗಿದ್ದರೆ ವಾಪಸ್ ಕಳಿಸಿ. ಅಲ್ಲಿ ಒಳ್ಳೆ ದುಂಡು ಬೇಕು. ಕಿವಿಯನ್ನು ದಪ್ಪ ಮಾಡುವುದಕ್ಕಿಂತ ಬುಡವನ್ನು ದುಂಡು ಮಾಡುವುದರಿಂದ ಲಾಭ ಜಾಸ್ತಿ. ಸುಮ್ನೆ ದಪ್ಪ ಮಾಡಿದರೆ ಆ ಜಾಗ ಕೊನೆಗೆ ಆರಿ, ಒಳಗೆ ಕುಗ್ಗಿದ ತೂತು ಉಳಿಯುತ್ತದೆ.


ಹೊಸ ಫಿಟ್ಟರ್

ಇಷ್ಟೆಲ್ಲ ತೊಂದರೆ ಬೀಡು ಕಬ್ಬಿಣದ್ದಾದರೆ ಕಾಂಪೋಸಿಟ್ ಶೂಗೆ (ಹಲವು ವಸ್ತು ಬೆರೆಸಿ ಒತ್ತಿ ಮಾಡಿದ್ದು) ಬದಲಾಯಿಸಿದರೆ ಆಗಲ್ವಾ ಅಣ್ಣ? ಹಗುರ ಅಂತಾರೆ, ಕೀ ಮೇಲಿನ ಏಟೂ ಕಡಿಮೆ ಆಗುತ್ತೆ.


ಬಲದ ಲೆಕ್ಕ

ಹಗುರ ಅನ್ನುವುದು ನಿಜ. ಆದರೆ ನೇರ ಬದಲಿ ಮಾಡಬೇಡಿ. ಕೆ ಮಾದರಿಯ ಕಾಂಪೋಸಿಟ್‌ನ ಘರ್ಷಣೆ 0.25 ಆಸುಪಾಸು, ವೇಗ ಇದ್ದಾಗಲೂ ಹೆಚ್ಚು ಇಳಿಯುವುದಿಲ್ಲ. ಬೀಡು ಕಬ್ಬಿಣಕ್ಕೆ ಅಂತ ಹೊಂದಿಸಿದ ಸಿಲಿಂಡರ್, ಲಿವರ್‌ಗಳ ಜೊತೆ ಅದನ್ನು ಹಾಕಿದರೆ ಬ್ರೇಕ್ ಅತಿಯಾಗುತ್ತದೆ. ಚಕ್ರ ಜಾರಿ ಚಪ್ಪಟೆಯಾಗುತ್ತದೆ, ಆ ಚಪ್ಪಟೆ ಮತ್ತೆ ಕೀಗೆ ಹೊಡೆಯುತ್ತದೆ. ಜೊತೆಗೆ ಬೀಡು ಕಬ್ಬಿಣದ ಶೂ ಚಕ್ರದ ಕಾವಿನಲ್ಲಿ ಒಂದು ಪಾಲು ತಾನು ಎಳೆದುಕೊಳ್ಳುತ್ತದೆ, ಕಾಂಪೋಸಿಟ್ ಅಷ್ಟು ಎಳೆದುಕೊಳ್ಳುವುದಿಲ್ಲ. ಚಕ್ರ ಜಾಸ್ತಿ ಕಾಯುತ್ತದೆ. ಬೀಡು ಕಬ್ಬಿಣದ ಜಾಗಕ್ಕೆ ಹೊಂದಲಿ ಅಂತಲೇ ಮಾಡಿದ ಎಲ್‌ಎಲ್ ಮಾದರಿ ಇದೆ. ಅದನ್ನೂ ವ್ಯಾಗನ್ ವಿನ್ಯಾಸ ನೋಡಿಕೊಳ್ಳುವವರ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ.

ಅದರ ಹಿಡಿತಕ್ಕೂ ಅದರದೇ ಕಾಯಿಲೆ ಇದೆ. ಅಲ್ಲಿ ಕಿವಿ ಉಕ್ಕಿನ ಬ್ಯಾಕ್ ಪ್ಲೇಟ್‌ದು. ಪ್ಲೇಟಿನ ತೂತುಗಳಲ್ಲಿ ಘರ್ಷಣೆ ವಸ್ತು ಇಳಿದು ಕಚ್ಚಿಕೊಂಡಿರುತ್ತದೆ. ಪ್ಲೇಟ್ ಮತ್ತು ವಸ್ತುವಿನ ನಡುವೆ ತೇವ ಹೋಗಿ ತುಕ್ಕು ಹುಟ್ಟಿದರೆ, ತುಕ್ಕು ಉಬ್ಬಿ ಎರಡನ್ನೂ ಬೇರೆ ಮಾಡುತ್ತದೆ. ಅಂಚಿನಲ್ಲಿ ಕಂದು ಗೆರೆ ಕಂಡರೆ ಆ ಶೂ ತೆಗೆದಿಡಿ.


ಹಳಿ ನಡಿಗೆ

ನಾನು ಹಳಿ ಮೇಲೆ ನಡೆಯುವವನು, ವ್ಯಾಗನ್ ಕೆಲಸದವನಲ್ಲ. ಒಂದು ಕಳಕಳಿಯ ಮಾತು. ಪೀಠ ಸರಿ ಮಾಡಿ, ಖಂಡಿತ ಮಾಡಿ. ಆದರೆ ಅದು ಆಗುವವರೆಗೆ ಶೂ ಬೀಳುತ್ತಲೇ ಇರುತ್ತದೆ ಅಲ್ವಾ? ಪಾಯಿಂಟ್‌ನ ನಾಲಿಗೆ ಹಳಿ ಮತ್ತು ಪಕ್ಕದ ಹಳಿಯ ನಡುವೆ ಒಂದು ಶೂ ತುಂಡು ಸಿಕ್ಕಿಕೊಂಡರೆ ನಾಲಿಗೆ ಪೂರ್ತಿ ಮುಚ್ಚುವುದಿಲ್ಲ. ಬೀಮ್ ಒಂದು ಕಡೆ ಕಳಚಿ ಇಳಿದರೆ ಇನ್ನೂ ಅಪಾಯ.

ನಾನು ನೋಡಿದ ಗಾಡಿಗಳಲ್ಲಿ ಕೀಯ ಕೆಳತುದಿಯ ತೂತಿನಲ್ಲಿ ಸ್ಪ್ಲಿಟ್ ಪಿನ್ ಇರಬೇಕಾದ ಕಡೆ ಮೊಳೆ ಬಗ್ಗಿಸಿ ಹಾಕಿರುತ್ತಾರೆ. ಕೆಲವು ಕಡೆ ವೆಲ್ಡಿಂಗ್ ರಾಡಿನ ತುಂಡು. ಮೊಳೆಗೆ ಕಾಲು ಒಂದೇ, ತಿರುಗಿ ತಿರುಗಿ ಜಾರಿ ಬೀಳುತ್ತದೆ. ದಯವಿಟ್ಟು ಸರಿಯಾದ ಅಳತೆಯ ಹೊಸ ಸ್ಪ್ಲಿಟ್ ಪಿನ್ ಹಾಕಿ, ಎರಡೂ ಕಾಲು ಪೂರ್ತಿ ಅಗಲಿಸಿ. ಒಮ್ಮೆ ಬಗ್ಗಿಸಿದ ಪಿನ್ ಮತ್ತೆ ನೆಟ್ಟಗೆ ಮಾಡಿ ಬಳಸಬೇಡಿ. ಬೀಮ್ ಕೆಳಗಿನ ಸೇಫ್ಟಿ ಪಟ್ಟಿಯ ಬೋಲ್ಟುಗಳನ್ನೂ ಒಮ್ಮೆ ಕೈಯಿಂದ ಮುಟ್ಟಿ ನೋಡಿ.


ಬೋಗಿಯ ಕೆಳಗೆ

ಬಲದ ಲೆಕ್ಕ ಮೇಡಂ, ರಿಜಿಸ್ಟರ್ ತೆಗೆದೆ. ಲೋಡ್ ಯಾವಾಗಲೂ ಒಂದೇ ದಿಕ್ಕಿಗೆ, ಇಳಿಜಾರಿನಲ್ಲಿ. ಬರುವಾಗ ಖಾಲಿ. ದಣಿವಿನ ಎಂಟು ಕೀಗಳಲ್ಲಿ ಏಳು ಆ ದಿಕ್ಕಿಗೆ ಬೋಗಿಯ ಮುಂದಿನ ಚಕ್ರದವು. ನೀವು ಹೇಳಿದ ಹಾಗೇ ಇದೆ. ಅದನ್ನು ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಹಳಿ ನಡಿಗೆ ಅವರೇ, ನಮ್ಮಲ್ಲೂ ನಾಲ್ಕು ಮೊಳೆ ಸಿಕ್ಕವು. ಇವತ್ತೇ ತೆಗೆಸಿದೆ.

ಈಗ ಹೆಡ್ ಪೀಠ ಏರಿಸುವುದು ಹೇಗೆ? ಹೆಡ್ ಎರಕದ ಉಕ್ಕಿನದು. ಹೊಸದು ತಕ್ಷಣ ಸಿಗುವುದಿಲ್ಲ. ಇದಕ್ಕೆ ವೆಲ್ಡ್ ಮಾಡಬಹುದಾ?


ವೆಲ್ಡಿಂಗ್ ಕನ್ನಡಕ

ಮಾಡಬಹುದು. ಕೀಗೆ ವೆಲ್ಡ್ ಬೇಡ ಅಂದದ್ದು ಇಂಗಾಲ ಜಾಸ್ತಿ ಅಂತ. ಹೆಡ್ ಕಡಿಮೆ ಇಂಗಾಲದ ಎರಕದ ಉಕ್ಕು ಆಗಿದ್ದರೆ ವೆಲ್ಡ್ ಹಿಡಿಯುತ್ತದೆ. ಮೊದಲು ಅದು ಉಕ್ಕೇ ಹೌದಾ ಅಂತ ಖಚಿತ ಮಾಡಿಕೊಳ್ಳಿ. ಗ್ರೈಂಡರ್ ಕಿಡಿ ನೋಡಿದರೆ ಗೊತ್ತಾಗುತ್ತದೆ. ಉಕ್ಕಿನ ಕಿಡಿ ಉದ್ದ, ಬೆಳ್ಳಗೆ. ಬೀಡಿನ ಕಿಡಿ ಗಿಡ್ಡ, ಕೆಂಪು.

ಹೆಡ್ಡನ್ನು ಬೀಮ್‌ನಿಂದ ಬಿಚ್ಚಲು ಬಂದರೆ ಬಿಚ್ಚಿ, ಬೆಂಚ್ ಮೇಲೆ ಮಾಡಿ. ಎಣ್ಣೆ, ಗ್ರೀಸ್, ತುಕ್ಕು ಎಲ್ಲ ಹೋಗಿ ಬಿಳಿ ಲೋಹ ಕಾಣುವವರೆಗೆ ಉಜ್ಜಿ. ಕಿವಿಯ ಬುಡದಲ್ಲಿ ಬಿರುಕು ಇದೆಯಾ ಅಂತ ಬಣ್ಣದ ದ್ರವ ಹಾಕಿ ಪರೀಕ್ಷೆ ಮಾಡಿ. ಬಿರುಕು ಇದ್ದರೆ ಆ ಹೆಡ್ ಪಕ್ಕಕ್ಕೆ ಇಡಿ. ಪೀಠ ತುಂಬಿಸುವುದು ಸವೆತದ ರಿಪೇರಿ, ಬಿರುಕು ಮುಚ್ಚುವ ಕೆಲಸ ಅಲ್ಲ. ಕಡಿಮೆ ಜಲಜನಕದ ರಾಡು ಬಳಸಿ, ಒಲೆಯಿಂದ ಒಣಗಿಸಿ ತೆಗೆದದ್ದು, ಪೊಟ್ಟಣ ಒಡೆದು ವಾರ ಇಟ್ಟದ್ದಲ್ಲ. ಹೆಡ್ಡನ್ನು ಮೊದಲು ಬೆಚ್ಚಗೆ ಮಾಡಿ. ಒಂದೇ ಪೀಠದ ಮೇಲೆ ಒಂದೇ ಸಮ ಸುರಿಯಬೇಡಿ. ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು, ಹೀಗೆ ಬದಲಾಯಿಸುತ್ತಾ ಹೋಗಿ, ಇಲ್ಲದಿದ್ದರೆ ಹೆಡ್ ಎಳೆದುಕೊಂಡು ಕೀ ಕಂಡಿಗಳು ಓರೆಯಾಗುತ್ತವೆ. ಬೂದಿಯಲ್ಲೋ ಒಣ ಮರಳಲ್ಲೋ ಹೂತು ನಿಧಾನ ಆರಿಸಿ.

ತುಂಬಿದ ಮೇಲೆ ಕಣ್ಣಂದಾಜಿನಲ್ಲಿ ಗ್ರೈಂಡ್ ಮಾಡಬೇಡಿ. ಹೊಸ ಹೆಡ್ ಒಂದರಿಂದ ಬಾಗಿನ ಅಚ್ಚು ತೆಗೆದು ತಗಡಿನ ಟೆಂಪ್ಲೇಟ್ ಮಾಡಿ. ನೀಲಿ ಬಳಿದು ನೋಡುತ್ತಾ ಉಜ್ಜಿ. ಎರಡೂ ಪೀಠಗಳಲ್ಲಿ ಎಡ, ಬಲ ಎರಡೂ ಕಡೆ ನೀಲಿ ಹತ್ತಬೇಕು.

ಬಿಚ್ಚದೆ ವ್ಯಾಗನ್ ಮೇಲೇ ಮಾಡಲೇಬೇಕಾಗಿ ಬಂದರೆ ಒಂದು ಎಚ್ಚರಿಕೆ. ವೆಲ್ಡಿಂಗ್‌ನ ಅರ್ಥ್ ಕ್ಲಾಂಪ್ ಅದೇ ಹೆಡ್ಡಿಗೆ ಹಾಕಿ, ವೆಲ್ಡ್ ಜಾಗಕ್ಕೆ ಆದಷ್ಟು ಹತ್ತಿರ. ಹಳಿಗೆ ಹಾಕಬೇಡಿ. ಹಾಗೆ ಮಾಡಿದರೆ ಕರೆಂಟು ಆಕ್ಸಲ್ ಬಾಕ್ಸಿನ ರೋಲರ್ ಬೇರಿಂಗ್ ಮೂಲಕ ಹರಿದು ರೋಲರ್ ಮೇಲೆ ಸಣ್ಣ ಗುಳಿ ಸುಡುತ್ತದೆ. ಬ್ರೇಕ್ ಸರಿ ಮಾಡಲು ಹೋಗಿ ಬೇರಿಂಗ್ ಕೆಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗುಳಿ ಬಿದ್ದದ್ದು ಆಗ ಗೊತ್ತಾಗಲಿಲ್ಲ, ಬೇರಿಂಗ್ ಕಾದು ನಿಂತ ದಿನ ಗೊತ್ತಾಯಿತು.

ಕೀಗೆ ಚುಕ್ಕೆ ವೆಲ್ಡ್ ಹಾಕಿದವರ ಶೆಡ್ಡಿನಲ್ಲೂ ನಾನು ಕೆಲಸ ಮಾಡಿದ್ದೇನೆ. ಮುರಿಯುವುದು ಒಂದು ಕಡೆ. ಶೂ ಬದಲಿಸುವಾಗ ಪ್ರತಿ ಸಲ ಗ್ಯಾಸಿನಲ್ಲಿ ಕತ್ತರಿಸಬೇಕು, ಪ್ರತಿ ಸಲ ಹೆಡ್ಡಿನ ಕಿವಿ ಸ್ವಲ್ಪ ಸ್ವಲ್ಪ ತಿಂದುಹೋಗುತ್ತದೆ. ಆ ಕಷ್ಟಕ್ಕೆ ಹೆದರಿ ಸವೆದ ಶೂಗಳನ್ನು ಬದಲಿಸದೆ ಹಾಗೇ ಓಡಿಸುತ್ತಿದ್ದರು. ನನಗೆ ಅದನ್ನು ನೋಡಿ ತುಂಬಾ ಬೇಸರ ಆಗಿತ್ತು.


ಕುಲುಮೆ ಕೆಲಸ

ವೆಲ್ಡಿಂಗ್ ಕನ್ನಡಕ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪೀಠ ಸರಿಯಾದ ಮೇಲೆ ಹಳೆ ಕೀ ಹಾಕಬೇಡಿ. ಬಡಿದು ಬಡಿದು ತಲೆ ಅಣಬೆ ಆಗಿರುತ್ತದೆ, ಬಾಗು ಸಡಿಲ ಆಗಿರುತ್ತದೆ. ಹೊಸ ಕೀಯನ್ನು ಹಾಕುವ ಮುಂಚೆ ನೆಲದ ಮೇಲೆ ಹಳೆಯದರ ಪಕ್ಕ ಇಟ್ಟು ನೋಡಿ, ಬಾಗಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕಂಡಿಯ ಅಂಚುಗಳ ಚೂಪನ್ನು ಅರದಿಂದ ಮುರಿಯಿರಿ. ಆ ಚೂಪು ಅಂಚು ಕೀ ಮೇಲೆ ಗೀರು ಹಾಕುತ್ತದೆ. ದಣಿವಿನ ಬಿರುಕಿಗೆ ಅಷ್ಟು ಗೀರು ಸಾಕು. ನಿಮ್ಮ ಎಂಟು ಕೀಗಳಲ್ಲಿ ಅರ್ಧಚಂದ್ರ ಶುರುವಾದ ಅಂಚನ್ನು ನೋಡಿ, ಅಲ್ಲಿ ಅಡ್ಡ ಗೀರು ಇದ್ದೇ ಇರುತ್ತದೆ.


ಬೋಗಿಯ ಕೆಳಗೆ

ಹೌದು ಸರ್. ಎಂಟರಲ್ಲೂ ಗೀರು ಇದೆ. ಕೆಳಗಿವಿಯ ಕಂಡಿ ಅಂಚು ತಾಗುವ ಜಾಗದಲ್ಲೇ.


ಬೋಗಿಯ ಕೆಳಗೆ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ತಡ ಆಯಿತು, ಕ್ಷಮಿಸಿ. ಏನಾದರೂ ತೋರಿಸುವಂಥದ್ದು ಇದ್ದಾಗ ಬರೆಯೋಣ ಅಂತ ಕಾದೆ.

ಮೇಲಿನವರ ಒಪ್ಪಿಗೆ ಪಡೆದು ಆರು ವ್ಯಾಗನ್‌ಗಳ ಹೆಡ್ ಬಿಚ್ಚಿದೆವು. ಮೂರು ಹೆಡ್ಡುಗಳಲ್ಲಿ ಕಿವಿಯ ಬುಡದಲ್ಲಿ ಬಿರುಕು ಸಿಕ್ಕಿತು, ಅವನ್ನು ತೆಗೆದುಹಾಕಿದೆವು. ಬಣ್ಣದ ದ್ರವ ಹಾಕಿರದಿದ್ದರೆ ನಮಗೆ ಕಾಣುತ್ತಲೇ ಇರಲಿಲ್ಲ. ಉಳಿದವುಗಳ ಪೀಠ ಮತ್ತು ಕಿವಿ ಮುಖ ತುಂಬಿಸಿ, ಟೆಂಪ್ಲೇಟ್ ಇಟ್ಟು ಉಜ್ಜಿದೆವು. ಮೊದಲ ಹೆಡ್ಡಿಗೆ ಒಂದು ದಿನ ಹಿಡಿಯಿತು. ಕೊನೆ ಕೊನೆಗೆ ದಿನಕ್ಕೆ ನಾಲ್ಕು ಆಗುತ್ತಿತ್ತು. ಸರಿ ಕೂತ ಶೂವನ್ನು ಸುತ್ತಿಗೆಯಿಂದ ತಟ್ಟಿದರೆ ಸದ್ದೇ ಬೇರೆ. ಮೊದಲು ಬಿರುಕು ಬಿಟ್ಟ ಮಡಕೆ ತಟ್ಟಿದ ಹಾಗಿತ್ತು. ಈಗ ಹೆಡ್ಡೂ ಶೂವೂ ಒಂದೇ ಗಟ್ಟಿಯಾಗಿ ಮಾತಾಡುತ್ತವೆ. ನಮ್ಮ ಹುಡುಗರು ಈಗ ಗೇಜ್ ಇಡುವ ಮುಂಚೆ ತಟ್ಟಿ ಕೇಳುತ್ತಾರೆ, ಆಮೇಲೆ ಗೇಜ್.

ಕೀಗಳೆಲ್ಲ ಹೊಸ ಕಪ್ಪು ಕೀ, ಮೊದಲಿನ ದಪ್ಪವೇ. ಸ್ಪ್ಲಿಟ್ ಪಿನ್ ಎಲ್ಲ ಹೊಸದು. ಕೀ ತಲೆಯಿಂದ ಹೆಡ್ಡಿಗೆ ಸೇರುವಂತೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿದ್ದೇವೆ. ಕೀ ಒಂದು ಮಿ.ಮೀ. ಎದ್ದರೂ ಗೆರೆ ಮುರಿದು ಕಾಣುತ್ತದೆ, ಟಾ‌ರ್ಚ್ ಬಿಟ್ಟರೆ ಸಾಕು, ಕೆಳಗೆ ತೂರುವುದು ಬೇಡ.

ಆ ಆರು ವ್ಯಾಗನ್‌ಗಳಲ್ಲಿ ಇವತ್ತಿನವರೆಗೆ ಒಂದು ಕೀಯೂ ಮುರಿದಿಲ್ಲ. ಇನ್ನೂ ಕೈ ಹಾಕದ ವ್ಯಾಗನ್‌ಗಳಲ್ಲಿ ಇದೇ ಹೊತ್ತಿನಲ್ಲಿ ಎರಡು ಮುರಿದಿವೆ. ಎರಡು ತಿಂಗಳು ಕಡಿಮೆ ಅಂತ ಗೊತ್ತು, ನೋಡುತ್ತಿರುತ್ತೇನೆ.

ಒಂದು ಪ್ರಶ್ನೆ ಉಳಿದಿದೆ. ಒಂದೇ ಒಂದು ಚಕ್ರದಲ್ಲಿ ಬಿಳಿ ಗೆರೆ ಜರುಗಿದೆ, ಸುಮಾರು ಬೆರಳಿನ ಅಗಲ. ಪೀಠ ಮತ್ತೆ ನೋಡಿದೆ, ಚೆನ್ನಾಗಿದೆ. ಆದರೆ ಆ ಶೂ ಮೇಲ್ತುದಿಯಲ್ಲಿ ಜಾಸ್ತಿ ಸವೆದಿದೆ, ಕೆಳಗೆ ಕಡಿಮೆ.


ಬಲದ ಲೆಕ್ಕ

ಓದಿ ತುಂಬಾ ಸಂತೋಷ ಆಯಿತು.

ಆ ಒಂದರ ವಿಷಯ: ಮೇಲ್ತುದಿ ಸವೆದಿದೆ ಅಂದರೆ ಬ್ರೇಕ್ ಬಿಟ್ಟಾಗಲೂ ಹೆಡ್ ವಾಲಿ ಶೂವಿನ ಮೇಲ್ತುದಿ ಚಕ್ರಕ್ಕೆ ಉಜ್ಜುತ್ತಿದೆ. ಓಡುವಷ್ಟು ಹೊತ್ತೂ ಮೇಲಕ್ಕೆ ಸಣ್ಣ ಎಳೆತ, ಸಣ್ಣ ನಡುಕ. ಕೀ ಎದ್ದದ್ದು ಅದರಿಂದ. ಹ್ಯಾಂಗರ್ ಪಿನ್ (ಬೀಮ್ ನೇತುಹಾಕಿರುವ ಕೊಂಡಿಯ ಪಿನ್) ಮತ್ತು ಅದು ಕೂರುವ ಬುಷ್ ನೋಡಿ. ಬೀಮ್ ಹಿಡಿದು ಹಿಂದೆ ಮುಂದೆ ಅಲುಗಿಸಿದರೆ ಆಟ, ಅಂದರೆ ಸಡಿಲ, ಕೈಗೆ ಗೊತ್ತಾಗುತ್ತದೆ.


ವೆಲ್ಡಿಂಗ್ ಕನ್ನಡಕ

ಪಿನ್ ಹೊರತೆಗೆದು ತಿರುಗಿಸಿ ನೋಡಿ. ಒಂದು ಮಗ್ಗುಲಲ್ಲಿ ಮೆಟ್ಟಿಲು ಬಿದ್ದಿರುತ್ತದೆ. ಪಿನ್ ಮಾತ್ರ ಹೊಸದು ಹಾಕಿ ಅಂಡಾಕಾರ ಆದ ಬುಷ್ ಹಾಗೇ ಬಿಟ್ಟರೆ ಹೊಸ ಪಿನ್ನಿಗೂ ಬೇಗ ಅದೇ ಗತಿ. ಎರಡೂ ಬದಲಿಸಿ. ಬುಷ್ ಒತ್ತಿದ ಮೇಲೆ ತೂತು ಸ್ವಲ್ಪ ಕುಗ್ಗಿರುತ್ತದೆ. ಪಿನ್ನನ್ನು ಬಡಿದು ತೂರಿಸದೆ ತೂತು ಹೆರೆಯುವ ರೀಮರ್ ಹಾಕಿ ಅಳತೆಗೆ ತನ್ನಿ.


ಬೋಗಿಯ ಕೆಳಗೆ

ಅಲುಗಿಸಿ ನೋಡಿದೆ. ಆಟ ಜಾಸ್ತಿಯೇ ಇದೆ, ಪಕ್ಕದ ಚಕ್ರದ್ದಕ್ಕಿಂತ ಎರಡು ಪಟ್ಟು. ಆ ವ್ಯಾಗನನ್ನು ರೇಕಿನಿಂದ (ಜೋಡಿಸಿದ ವ್ಯಾಗನ್ ಸಾಲು) ಬಿಡಿಸಿ ಪಿಟ್ ಮೇಲೆ ನಿಲ್ಲಿಸಿದ್ದೇನೆ. ಬೆಳಿಗ್ಗೆ ಪಿನ್ ತೆಗೆದು ಮೆಟ್ಟಿಲು ಎಷ್ಟು ಅಂತ ಅಳೆದು ಇಲ್ಲೇ ಹಾಕುತ್ತೇನೆ.